ಮೂರು ಲೋಟ ನೀರು

ಫೆಬ್ರವರಿ 3, ಸೋಮವಾರ

ಜಗಳ ಆಡಲು ಯಾರೂ ಸಿಗದೆ ಬರೆಯಲು ಕೂತಿದ್ದೇನೆ. ಹದಿನೆಂಟು ವರ್ಷ ಭಾನು ಜೊತೆ ಜಗಳ ಆಡಿಕೊಂಡೇ ಸಂಸಾರ ಮಾಡಿದವನು ನಾನು. ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಶುಕ್ರವಾರ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅಂಥವಳ ಮೇಲೆ ಕೂಗಾಡುವುದು ಹೇಗೆ? ನನ್ನ ಹೋಟೆಲಿನ ಅಡುಗೆಯವರ ಮೇಲೆ ಕೂಗಾಡಿದರೆ ಮಾರನೇ ದಿನವೇ ಬೇರೆ ಹೋಟೆಲ್ ಸೇರಿಕೊಳ್ಳುತ್ತಾರೆ. ಅದಕ್ಕೇ ಈ ಡೈರಿ.

ಇವತ್ತು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿದ್ದೆವು. ನನ್ನ ಕಿಡ್ನಿ ಅವಳಿಗೆ ಹೊಂದುತ್ತದಂತೆ. ನಮಗೆ ಮಕ್ಕಳಿಲ್ಲ. ಅವಳ ಅಪ್ಪನಿಗೆ ಎಪ್ಪತ್ತು ದಾಟಿದೆ, ತಂಗಿಯ ರಕ್ತದ ಗುಂಪು ಬೇರೆ. ಸತ್ತವರ ಕಿಡ್ನಿಗೆ ಹೆಸರು ಬರೆಸಿದರೆ ಸರದಿ ಬರುವುದು ಯಾವ ಕಾಲಕ್ಕೋ. ಉಳಿದವನು ನಾನೊಬ್ಬನೇ. "ಕೊಡ್ತೀನಿ, ತಗೊಳ್ಳಿ ಮೇಡಂ" ಎಂದು ಎದೆಯುಬ್ಬಿಸಿ ಹೇಳಿದೆ. ಡಾಕ್ಟರಮ್ಮ ಎದೆಯನ್ನು ಬಿಟ್ಟು ಹೊಟ್ಟೆಯನ್ನು ನೋಡಿದರು. ತೊಂಬತ್ತೆರಡು ಕೆಜಿ. ಅದೂ ಸಾಲದು ಎಂಬಂತೆ ಸಕ್ಕರೆ ಅಂಚಿಗೆ ಬಂದು ನಿಂತಿದೆಯಂತೆ. ಮೂರು ತಿಂಗಳಲ್ಲಿ ಹತ್ತು ಕೆಜಿ ಇಳಿಸಬೇಕು, ಸಕ್ಕರೆಯೂ ಇಳಿಯಬೇಕು. ಸಕ್ಕರೆ ಕಾಯಿಲೆಯೇ ಬಂದುಬಿಟ್ಟರೆ ನನ್ನ ಕಿಡ್ನಿಯನ್ನು ಅವರು ಮುಟ್ಟುವುದಿಲ್ಲ.

ಬಸ್ಸಿನಲ್ಲಿ ಭಾನು ಕಿಟಕಿ ಕಡೆ ನೋಡುತ್ತಲೇ, "ಆಗ್ದು ಬುಡಿ. ನಿಮ್ ಕೈಲಿ ಒಂದು ವಡೆ ಬುಡಕ್ಕಾಗಲ್ಲ" ಅಂದಳು. ಅಂಗಾಂಗವನ್ನೇ ಕೊಡುತ್ತೇನೆ ಅನ್ನುವ ಗಂಡನಿಗೆ ಸಿಗುವ ಮರ್ಯಾದೆ ಇದು! ತೋರಿಸುತ್ತೇನೆ. ಇವಳಿಗೂ ತೋರಿಸುತ್ತೇನೆ, ಊರಿಗೂ ತೋರಿಸುತ್ತೇನೆ.

ಫೆಬ್ರವರಿ 5, ಬುಧವಾರ

ಸತ್ತೆ. ಶಾಂತರಾಜು ಜೊತೆ ಕಾಲೇಜು ಮೈದಾನದಲ್ಲಿ ಓಡಿದೆ. ಓಡಿದೆ ಅನ್ನುವುದು ನನ್ನ ಮಾತು, ನೋಡಿದವರು ಏನೆಂದರೋ. ಇವನು ನನ್ನ ಬಾಲ್ಯದ ಗೆಳೆಯ. ಒಮ್ಮೆ ಮೈಸೂರಿನಲ್ಲಿ ಹತ್ತು ಕಿಲೋಮೀಟರ್ ಓಡಿ ಕೊರಳಿಗೆ ಒಂದು ಬಿಲ್ಲೆ ಹಾಕಿಸಿಕೊಂಡು ಬಂದ, ಅವತ್ತಿನಿಂದ ಊರಿಗೆಲ್ಲ ಮೇಷ್ಟ್ರು. ಎರಡು ಸುತ್ತಿಗೇ ನಾನು ಕೂತುಬಿಟ್ಟೆ. ಅವನು ಚೀಲದಿಂದ ಒಂದು ನೀಲಿ ಬಾಟಲಿ ತೆಗೆದ.

"ಕುಡಿಲಾ ಮಲ್ಲೇಶ. ಬೆವ್ರಲ್ಲಿ ಉಪ್ಪು, ಸತ್ವ ಎಲ್ಲಾ ಓಯ್ತದೆ ಕಣ್ಲಾ. ಓಡೋರೆಲ್ಲಾ ಇದ್ನೇ ಕುಡಿಯೋದು."

ತಣ್ಣಗಿತ್ತು, ಸಿಹಿಯಾಗಿತ್ತು, ಹೋದ ಜೀವ ಬಂತು. ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದಂತೆ. ಅಂದ ಮೇಲೆ ಔಷಧಿಯ ಲೆಕ್ಕವೇ.

ಫೆಬ್ರವರಿ 9, ಭಾನುವಾರ

ಉಡಿಗಾಲದಿಂದ ನಮ್ಮಪ್ಪನ ಅಕ್ಕ ದೊಡ್ಡಮಲ್ಲಮ್ಮತ್ತೆ ಬಂದಿದ್ದರು. ರೋಗಿ ನೋಡಲು ಬರಿಗೈಲಿ ಬರುವುದುಂಟೆ? ಒಂದು ಗೊನೆ ಎಳನೀರು, ಎರಡು ಡಬ್ಬ ಗ್ಲೂಕೋಸ್ ಪುಡಿ, ಅದರ ಮೇಲೆ ಮೆಡಿಕಲ್ ಸ್ಟೋರಿನವನು "ಸುಸ್ತಿಗೆ ಒಳ್ಳೇದು" ಎಂದು ಕಟ್ಟಿಕೊಟ್ಟ ಹಳದಿ, ಕಿತ್ತಳೆ, ಹಸಿರು ಬಣ್ಣದ ಬಾಟಲಿಗಳು. ಭಾನುಗೆ ಇದ್ಯಾವುದೂ ಆಗದು. ಎಳನೀರಿನಲ್ಲಿರುವ ಅದೇನೋ ಪೊಟ್ಯಾಸಿಯಂ ಅವಳ ಹೃದಯವನ್ನೇ ನಿಲ್ಲಿಸಿಬಿಡುತ್ತದೆ ಎಂದು ಡಯಾಲಿಸಿಸ್ ಸಿಸ್ಟರ್ ಮೊದಲ ದಿನವೇ ಹೆದರಿಸಿದ್ದಾರೆ. ನೀರೂ ಅಳತೆಯೇ. ಮಾತ್ರೆ ನುಂಗುವುದು, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮೂರು ಲೋಟ. ಅವಳಿಗೆ ಮೂತ್ರ ಬರುವುದು ನಿಂತೇ ಹೋಗಿದೆ, ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ.

ಹಾಗಂತ ಅತ್ತೆಗೆ ಹೇಳಲಾಗುತ್ತದೆಯೇ? ಹೋದ ತಿಂಗಳು ಭಾನು ತಂಗಿಯ ಅತ್ತೆಗೆ ಹೀಗೇ ಹೇಳಿದ್ದಕ್ಕೆ, "ನಮ್ ಮನೆ ಎಳನೀರು ನಿಮ್ಗೆ ಬ್ಯಾಡ್ವಾಯ್ತಾ" ಎಂದು ಇವತ್ತಿಗೂ ಮುಖ ಊದಿಸಿಕೊಂಡಿದ್ದಾರೆ. ತೆಗೆದುಕೊಂಡು ಒಳಗಿಟ್ಟೆ. ಎಸೆಯಲು ಮನಸ್ಸು ಬರಲಿಲ್ಲ. ಓಡುವವನು ನಾನಿದ್ದೇನಲ್ಲ, ನಾನೇ ಕುಡಿದರಾಯಿತು. ಅವರ ಪ್ರೀತಿಯೂ ದಂಡವಾಗಲಿಲ್ಲ, ನನಗೂ ಶಕ್ತಿ ಬಂತು.

ಫೆಬ್ರವರಿ 18, ಮಂಗಳವಾರ

ಬೆಳಿಗ್ಗೆ ಓಡಿ ಬಂದು, ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಒಂದು ದೊಡ್ಡ ಬಾಟಲಿ ಒಂದೇ ಗುಟುಕಿಗೆ ಎತ್ತಿದೆ. ಭಾನು ಎದುರಿಗೆ ಬೀನ್ಸ್ ಬಿಡಿಸುತ್ತಿದ್ದಳು. ನೋಡಿದಳು. ಎದ್ದು ಒಳಗೆ ಹೋದಳು. ಇತ್ತೀಚೆಗೆ ಅವಳ ಮೂಗಿನ ತುದಿಯಲ್ಲೇ ಕೋಪ.

ತೂಕ ಎರಡು ಕೆಜಿ ಇಳಿದಿದೆ! ಅನ್ನ ಬಿಟ್ಟಿದ್ದೇನೆ, ಕಾಫಿಗೆ ಸಕ್ಕರೆ ಬಿಟ್ಟಿದ್ದೇನೆ, ನನ್ನದೇ ಹೋಟೆಲಿನ ವಡೆಗೆ ಬೆನ್ನು ತಿರುಗಿಸಿ ಕೂರುತ್ತೇನೆ. ಡಯಾಲಿಸಿಸ್ ಮುಗಿಯುವವರೆಗೆ ಚಾಮರಾಜನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನನ್ನು ನಾನೇ ಹೊಗಳಿಕೊಂಡೆ. ಹೊರಗೆ ಬಂದ ಭಾನು ಬಾಯಲ್ಲಿ ಒಂದು ಐಸ್ ಚೂರು ಇಟ್ಟುಕೊಂಡಿದ್ದಳು. ಬಸ್ಸು ತೆರಕಣಾಂಬಿ ದಾಟುವವರೆಗೆ ಬಾಯಿ ಬಿಡಲಿಲ್ಲ. ಚೂರು ಕರಗಿ ಎಷ್ಟು ಹೊತ್ತಾಗಿತ್ತೋ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಒಂದು ಕಾಳೂ ಬಾಯಿಗೆ ಹಾಕದೆ ಉಪವಾಸ ಮಾಡಿದೆ. ಬರೀ ಬಾಟಲಿಗಳಲ್ಲೇ ದಿನ ಕಳೆದೆ. ಕುಡಿಯುವುದು ಊಟವಲ್ಲವಲ್ಲ, ಉಪವಾಸ ಕೆಡುವುದಿಲ್ಲ. ಸಂಜೆಯೂ ಓಡಿದೆ. ಶಾಂತರಾಜು, "ಕಿಡ್ನಿ ಕೊಡಕ್ಕೆ ಇಂಗೆ ತಪಸ್ಸು ಮಾಡೋ ಗಂಡುನ್ನ ನಾ ಕಂಡಿಲ್ಲ ಕಣ್ಲಾ" ಅಂದ. ಆ ಮಾತನ್ನು ಭಾನುಗೆ ಒಪ್ಪಿಸಿದೆ. ಅವಳು, "ಊಂ" ಅಂದಳು. ಅಷ್ಟೇ.

ಮಾರ್ಚ್ 13, ಗುರುವಾರ

ಬಿಸಿಲು ಏರಿದೆ. ಎಷ್ಟು ಕುಡಿದರೂ ನಾಲಿಗೆ ಒಣಗುತ್ತದೆ. ರಾತ್ರಿ ಮೂರ್ನಾಲ್ಕು ಸಲ ಎದ್ದು ಹೋಗಬೇಕು. ಕಾಲಲ್ಲಿ ಶಕ್ತಿಯೇ ಇಲ್ಲ. ಶಾಂತರಾಜು, "ಸತ್ವ ಇಳ್ದೋಗದೆ, ಇನ್ನೊಂದು ಜಾಸ್ತಿ ಕುಡಿ" ಎಂದ. ಕುಡಿಯುತ್ತಿದ್ದೇನೆ. ಬಂದವರು ತಂದದ್ದು ಮಂಚದ ಕೆಳಗೆ ತುಂಬಿಕೊಂಡಿದೆ. ಒಬ್ಬರಾದರೂ ಒಂದು ಹಿಡಿ ಮಲ್ಲಿಗೆ ಹೂ ತಂದಿದ್ದರೆ ಅವಳಾದರೂ ಮುಡಿದುಕೊಳ್ಳುತ್ತಿದ್ದಳು.

ಮಾರ್ಚ್ 31, ಸೋಮವಾರ

ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಅಕ್ಷರ ಹೇಗೆ ಬಂದರೂ ಬರಲಿ.

ನಿನ್ನೆ ಯುಗಾದಿ. ಶುಕ್ರವಾರ ಡಯಾಲಿಸಿಸ್ ಆಗಿತ್ತು, ನಾಳೆಯವರೆಗೆ ತಡೆಯಬೇಕಿತ್ತು. ಬೆಳಿಗ್ಗೆ ಎದ್ದಾಗ ಭಾನು ಮಂಚದ ಅಂಚಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ಉಸಿರು ಎಳೆಯುತ್ತಿದ್ದಳು. ಮಲಗಲಾಗುತ್ತಿಲ್ಲ, ಮಾತು ಬರುತ್ತಿಲ್ಲ. ತುಟಿ ನೀಲಿಗಟ್ಟಿತ್ತು. ಶಾಂತರಾಜು ಕಾರು ತಂದ. ಚಾಮರಾಜನಗರದವರೆಗೆ ಅವಳು ನನ್ನ ತೋಳಿಗೆ ಉಗುರು ಊರಿ ಕೂತಿದ್ದಳು. ಎಲ್ಲ ದೇವರನ್ನೂ ಕರೆದೆ, ಎಲ್ಲ ದೇವರನ್ನೂ ಬೈದೆ.

ಆಮ್ಲಜನಕ ಹಾಕಿ, ಮೆಷಿನ್ನಿಗೆ ಹಾಕಿದರು. ಶ್ವಾಸಕೋಶದ ತುಂಬ ನೀರು. ಪೊಟ್ಯಾಸಿಯಂ ಕೂಡ ಏರಿತ್ತಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. "ಏನು ಕುಡಿದರು?" ಎಂದು ಕೇಳಿದರು. ಏನೂ ಇಲ್ಲ ಸಾರ್, ಅಳತೆಯಲ್ಲೇ ಕೊಡ್ತೀನಿ ಎಂದು ಆಣೆ ಇಟ್ಟೆ.

ಏಪ್ರಿಲ್ 1, ಮಂಗಳವಾರ

ಅವಳೇ ಹೇಳಿದಳು. ಯುಗಾದಿಯ ಹಿಂದಿನ ಸಂಜೆ ನಾನು ಓಡಲು ಹೋದಾಗ ಮಂಚದ ಕೆಳಗಿನಿಂದ ಬಾಟಲಿಗಳನ್ನು ತೆಗೆದು ಕುಡಿದಳಂತೆ. ಒಂದಲ್ಲ, ಮೂರು. ಆಮೇಲೆ ಒಂದು ಎಳನೀರು.

"ಸಾಯ್ತೀನಿ ಅಂತ ಗೊತ್ತಿತ್ತು. ಆದ್ರೂ ಕುಡ್ದೆ. ಮೊದ್ಲುನೇ ಬಾಟ್ಲಿ ಕುಡಿವಾಗ ಎಷ್ಟು ಸುಖ ಆಯ್ತು ಗೊತ್ತಾ?"

ನನಗೆ ರೇಗಿತು. ನಿನಗೋಸ್ಕರ ನಾನಿಲ್ಲಿ ಮೈ ಮುರಿದುಕೊಂಡರೆ ಎಂದು ಬಾಯಿ ತೆಗೆದೆ.

"ದಿನಾ ನನ್ ಮುಂದೆ ಕೂತ್ಕೊಂಡು ಗಟಗಟ ಅಂತ ಕುಡಿತೀರಲ್ಲ" ಅಂದಳು. "ಆ ಸದ್ದು ಕೇಳಕ್ಕಾಗಲ್ಲ ಕಣ್ರೀ. ಒಳಗೋದ್ರೂ ಕೇಳುಸ್ತದೆ."

ಮನೆಗೆ ಬಂದು ಉಳಿದ ಬಾಟಲಿಗಳನ್ನೆಲ್ಲ ಹೋಟೆಲಿಗೆ ಸಾಗಿಸಿದೆ. ಇನ್ನು ಅಲ್ಲೇ ಕುಡಿಯುತ್ತೇನೆ.

ಮೇ 5, ಸೋಮವಾರ

ಎಂಟು ಕೆಜಿ ಇಳಿಸಿದ್ದೇನೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಜಂಬದಿಂದಲೇ ಮೈಸೂರಿಗೆ ಹೋದೆ.

ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ಓದಿದರು. ಸಕ್ಕರೆ ಇಳಿದಿಲ್ಲ, ಏರಿದೆ. ಅಂಚು ದಾಟಿದೆ. ತೂಕ ಇಳಿದಿರುವುದರಲ್ಲಿ ಅರ್ಧ ಈ ಸಕ್ಕರೆಯ ಕಿತಾಪತಿಯೇ ಇರಬಹುದಂತೆ. ಹೀಗಿದ್ದರೆ ತಗೊಳ್ಳುವುದಕ್ಕಾಗಲ್ಲ ಅಂದರು. ಅನ್ನ ಮುಟ್ಟಿಲ್ಲ ಮೇಡಂ, ಸಿಹಿ ಮುಟ್ಟಿಲ್ಲ, ಎಣ್ಣೆ ಮುಟ್ಟಿಲ್ಲ, ಆಣೆಗೂ ಎಂದೆ. "ಕುಡಿಯೋದು?" ಎಂದರು. ಕುಡಿಯುವ ಅಭ್ಯಾಸವೇ ಇಲ್ಲ, ನಾವು ಲಿಂಗ ಕಟ್ಟಿದವರು ಎಂದೆ. ಅವರು ನಗಲಿಲ್ಲ. ಓಡಿದ ಮೇಲೆ ಏನು ಕುಡಿಯುತ್ತೀರಿ ಎಂದು ಬಿಡಿಸಿ ಕೇಳಿದರು. ಹೇಳಿದೆ. ಎಷ್ಟು ಎಂದರು. ಅದನ್ನೂ ಹೇಳಿದೆ.

"ಒಂದು ಬಾಟಲಿಗೆ ಆರೇಳು ಚಮಚ ಸಕ್ಕರೆ ಇರುತ್ತೆ ಮಲ್ಲೇಶ್. ಕಾಫಿಗೆ ಒಂದು ಚಮಚ ಬಿಟ್ಟು, ಇದರಲ್ಲಿ ದಿನಕ್ಕೆ ಇಪ್ಪತ್ತೈದು ಮೂವತ್ತು ಕುಡಿದಿದ್ದೀರಿ. ಬೆಳಗಿನ ತಂಪಲ್ಲಿ ಅರ್ಧ ಗಂಟೆ ಓಡೋರಿಗೆ ಬರೀ ನೀರು ಸಾಕಿತ್ತು."

ಆರು ವಾರ ಬಿಟ್ಟು ಇನ್ನೊಂದು ಸಲ ನೋಡೋಣ ಅಂದರು. ಅದು ಕೊನೆಯ ಸಲವಂತೆ. ಭಾನು ಹೊರಗೆ ಕೂತಿದ್ದಳು. ಅವಳ ಮುಖ ನೋಡಲಾಗದೆ ಕಕ್ಕಸಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅಳುವಾಗ ನಲ್ಲಿಯ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ನಿಲ್ಲಿಸಿದೆ.

ಮೇ 6, ಮಂಗಳವಾರ

ಶಾಂತರಾಜುವನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಬೈದೆ. ಅವನಪ್ಪನನ್ನೂ ಬೈದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಬಾಟಲಿಗೆ ಬಾಯಿ ಹಾಕಿದ್ದು ನಾನು, ಅವನನ್ನು ಬೈದು ಏನು ಬಂತು? ಇದ್ದಬದ್ದ ಬಾಟಲಿಗಳನ್ನೆಲ್ಲ ಹೋಟೆಲಿನ ಹಿಂದಿನ ಚರಂಡಿಗೆ ಸುರಿದೆ. ಚರಂಡಿ ನೀಲಿ, ಕಿತ್ತಳೆ, ಹಸಿರು.

ಮೇ 21, ಬುಧವಾರ

ಮೂರು ಲೋಟ. ಅವಳಿಗೆ ಎಷ್ಟೋ ನನಗೂ ಅಷ್ಟೇ. ಬೆಳಿಗ್ಗೆಯೇ ಚೊಂಬಿಗೆ ಅಳೆದು ಹೋಟೆಲಿನಲ್ಲಿ ನನ್ನ ಗಲ್ಲಾದ ಪಕ್ಕ ಇಟ್ಟುಕೊಳ್ಳುತ್ತೇನೆ. ಯಾರಿಗೂ ಹೇಳಿಲ್ಲ. ಕುಡಿದೇ ಕೆಡಿಸಿಕೊಂಡವನು, ಕುಡಿಯದೇ ಸರಿ ಮಾಡಿಕೊಳ್ಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಚೊಂಬು ಖಾಲಿ. ಆಮೇಲಿನದನ್ನು ಬರೆಯಲು ಬರುವುದಿಲ್ಲ. ಗಿರಾಕಿ ಲೋಟ ಎತ್ತಿದರೆ ಅವನ ಗಂಟಲನ್ನೇ ನೋಡುತ್ತಿರುತ್ತೇನೆ. ಅರ್ಧ ಕುಡಿದು ಉಳಿದ ನೀರಲ್ಲಿ ಕೈ ತೊಳೆಯುವವರನ್ನು ಕಂಡರೆ ಕಪಾಳಕ್ಕೆ ಬಿಡಬೇಕು ಅನ್ನಿಸುತ್ತದೆ. ಭಾನು ಒಂದೂವರೆ ವರ್ಷದಿಂದ ಹೀಗೇ ಇದ್ದಾಳೆ. ಇದ್ದುಕೊಂಡೇ ನನಗೆ ಬೀನ್ಸ್ ಪಲ್ಯ ಮಾಡಿ ಹಾಕಿದ್ದಾಳೆ.

ಮೇ 29, ಗುರುವಾರ

ಬಿದ್ದೆ. ಬೆಳಿಗ್ಗೆ ಹೋಟೆಲಿನಲ್ಲಿ ಗಿರಾಕಿ ಹೆಚ್ಚಿದ್ದರಿಂದ ಮಧ್ಯಾಹ್ನ ಓಡಲು ಹೊರಟೆ. ಮೈಸೂರು ರಸ್ತೆಯಲ್ಲಿ, ಬೇಗೂರು ಮುಟ್ಟಿಯೇ ತಿರುಗುವುದು ಎಂದು ಹಟ. ಎರಡು ಗಂಟೆ ಓಡಿ, ನಡೆದು, ಓಡಿದೆ. ಬೆವರು ಬರುವುದೇ ನಿಂತುಹೋಯಿತು. ಒಂದು ಹುಣಸೆ ಮರದ ಕೆಳಗೆ ವಾಂತಿಯಾಯಿತು, ಕಾಲಿನ ಮೀನಖಂಡ ಗಂಟು ಕಟ್ಟಿತು.

ಶಾಂತರಾಜು ಅಷ್ಟು ಬೈಸಿಕೊಂಡರೂ ಬೈಕಿನಲ್ಲಿ ಹುಡುಕಿಕೊಂಡು ಬಂದ. ಪಕ್ಕದ ಅಂಗಡಿಗೆ ಓಡಿ ಅದೇ ನೀಲಿ ಬಾಟಲಿ ತಂದು ತುಟಿಗೆ ಹಿಡಿದ. ಕೈಯಿಂದ ಬೀಸಿ ಹೊಡೆದೆ. ರಸ್ತೆಯಲ್ಲಿ ಉರುಳಿಕೊಂಡು ಹೋಯಿತು.

"ಸಾಯ್ತೀಯ ಕಣ್ಲಾ!" ಎಂದು ಅವನು ಅತ್ತ. ಬೇಗೂರಿನಲ್ಲಿ ಡ್ರಿಪ್ ಹಾಕಿಸಿದ. ಭಾನುಗೆ ಹೇಳಬೇಡ ಎಂದು ಕೈ ಮುಗಿದೆ.

ಜೂನ್ 16, ಸೋಮವಾರ

ಸಕ್ಕರೆ ಇಳಿಯುತ್ತಿದೆ. ಆದರೆ ಈಗ ಕಿಡ್ನಿಯದೇ ತಕರಾರು. ಕಿಡ್ನಿ ಸೋಸಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿದೆ. ಡಾಕ್ಟರಮ್ಮ ಈ ಸಲ ನಿಜವಾಗಿಯೂ ಸಿಟ್ಟಾದರು. ನೀರು ಎಷ್ಟು ಕುಡಿಯುತ್ತೀರಿ ಎಂದು ಕೇಳಿದರು. ಭಾನು ಪಕ್ಕದಲ್ಲೇ ಇದ್ದಳು. ಸುಳ್ಳು ಹೇಳೋಣ ಎಂದುಕೊಂಡೆ, ಬಾಯಿಂದ ನಿಜವೇ ಬಂತು. ಬೇಗೂರು ರಸ್ತೆಯ ಕಥೆಯೂ ಬಂತು.

"ಅವತ್ತು, ಆ ಬಿಸಿಲಲ್ಲಿ, ವಾಂತಿ ಮಾಡಿಕೊಂಡು ಬಿದ್ದಿದ್ದಾಗ, ನಿಮಗೆ ಆ ಉಪ್ಪು ಸಕ್ಕರೆಯ ನೀರು ಬೇಕಿತ್ತು. ಅದು ಇರೋದೇ ಅಂಥ ಹೊತ್ತಿಗೆ. ಬೇಡದಾಗ ಸುರಿದುಕೊಂಡಿರಿ, ಬೇಕಾದಾಗ ಹೊಡೆದು ಬೀಳಿಸಿದಿರಿ. ಹೀಗೆ ಒಣಗಿಸಿದರೆ ಒಳ್ಳೆ ಕಿಡ್ನಿಯೂ ಕೆಡುತ್ತೆ. ಆಮೇಲೆ ಇಬ್ಬರೂ ಒಂದೇ ಮೆಷಿನ್ನಿಗೆ ಬರ್ತೀರಾ?"

ತಲೆ ತಗ್ಗಿಸಿ ಕೂತೆ. ಇನ್ನು ಬೇಡ ಅನ್ನುತ್ತಾರೆ, ಮುಗಿಯಿತು ಅಂದುಕೊಂಡೆ. ಡಾಕ್ಟರಮ್ಮ ಫೈಲು ಮುಚ್ಚಿ, ಇನ್ನೊಂದೇ ಒಂದು ಸಲ ಎಂದರು. ಜುಲೈ ಕೊನೆಗೆ.

ಜೂನ್ 17, ಮಂಗಳವಾರ

ಡಯಾಲಿಸಿಸ್ ಮುಗಿಸಿ ಮನೆಗೆ ಬಂದೆವು. ಸುಸ್ತಿನಲ್ಲಿ ಅವಳು ಮಲಗುತ್ತಾಳೆ ಅಂದುಕೊಂಡರೆ, ಅಡುಗೆಮನೆಗೆ ಹೋಗಿ ದೊಡ್ಡ ಚೊಂಬಿನ ತುಂಬ ನೀರು ತಂದು ನನ್ನ ಮುಂದೆ ಕುಕ್ಕಿದಳು.

"ಕುಡೀರಿ."

"ಆಮೇಲೆ ಕುಡಿತೀನಿ ಬುಡು. ಹೋಟ್ಲಲ್ಲಿ."

"ಹೋಟ್ಲಲ್ಲಿ ಯಾಕೆ? ನನ್ ಕಣ್ಮುಂದೆ ಕುಡೀರಿ. ಈ ನೀರು ನಿಮ್ಗೆ ಅಂತ ಯಾರಂದ್ರು? ಅದು ನನ್ ಕಿಡ್ನಿ. ಇಷ್ಟು ದಿನ ಸಕ್ರೆಲಿ ನೆನಾಕುದ್ರಿ, ಈಗ ಒಣಾಕ್ತಾ ಇದ್ದೀರಿ. ನನ್ ವಸ್ತುನ ಹಾಳು ಮಾಡಕ್ಕೆ ನೀವ್ಯಾರು?"

ಎಷ್ಟೋ ತಿಂಗಳ ಮೇಲೆ ನನ್ನನ್ನು ಹೀಗೆ ಬೈದಳು. ಕುಡಿದೆ. ಗಂಟಲಲ್ಲಿ ಸದ್ದಾಗದಂತೆ ನಿಧಾನವಾಗಿ ಕುಡಿದೆ. ಅವಳು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಗದರಿದಳು. ಪೂರ್ತಿ ಮುಗಿಸಿದೆ. ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ನೀರು ಕುಡಿದಿರಲಿಲ್ಲ.

ಜುಲೈ 10, ಗುರುವಾರ

ದಿನಾ ಹಾಗೇ. ಬೆಳಿಗ್ಗೆ ನಡೆದು ಬಂದರೆ ಬಾಗಿಲಲ್ಲೇ ಚೊಂಬು. ಸಂಜೆ ಇನ್ನೊಂದು. ಅವಳ ಪಾದ ಊದಿದೆ, ನಿಲ್ಲಲು ಆಗುತ್ತಿಲ್ಲ. ಆದರೂ ನೀರು ಅವಳೇ ತಂದು ಕೊಡಬೇಕು. ಮೊನ್ನೆ ಡಯಾಲಿಸಿಸ್ ಮಧ್ಯದಲ್ಲಿ ಬಿಪಿ ಇಳಿದು ಕಣ್ಣು ಮೇಲೆ ಹೋಯಿತು. ಸಿಸ್ಟರ್ ನನ್ನನ್ನು ಹೊರಗೆ ತಳ್ಳಿದರು. ಹೊರಗೆ ನಿಂತು ಇಷ್ಟೇ ಬೇಡಿಕೊಂಡೆ, ಜುಲೈ ಕೊನೆಯವರೆಗೆ, ಜುಲೈ ಕೊನೆಯವರೆಗೆ.

ಉಡಿಗಾಲದ ದೊಡ್ಡಮಲ್ಲಮ್ಮತ್ತೆ ಮತ್ತೆ ಎಳನೀರು ತಂದರು. ಬೇಡ ಅತ್ತೆ, ಇವಳಿಗೆ ಆಗಲ್ಲ, ನನಗೂ ಬೇಡ ಎಂದೆ. ಮುಖ ಊದಿಸಿಕೊಂಡು ಹೋದರು. ಊದಿಸಿಕೊಳ್ಳಲಿ.

ಜುಲೈ 28, ಸೋಮವಾರ

ಎಲ್ಲ ಸರಿಯಿದೆ ಎಂದರು. ಸಕ್ಕರೆ ಅಂಚಿನ ಒಳಗೆ. ಕಿಡ್ನಿ ಚೆನ್ನಾಗಿದೆ. ತಗೊಳ್ಳಬಹುದು.

ಭಾನು ಡಾಕ್ಟರಮ್ಮನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನನಗೆ ಖುಷಿ ಆಗಬೇಕಿತ್ತು. ಭಯವಾಯಿತು. ಈಗ ನಿಜವಾಗಿಯೂ ಕೊಯ್ಯುತ್ತಾರೆ. ಆಪರೇಷನ್ ಮೇಜಿನ ಮೇಲೆ ನನಗೇನಾದರೂ ಆದರೆ ಅವಳಿಗೆ ನೀರಿನ ಅಳತೆ ನೋಡುವವರು ಯಾರು?

ಆಗಸ್ಟ್ 7, ಗುರುವಾರ

ಇನ್ನೊಂದು ವಿಚಾರಣೆ ಬಾಕಿಯಿತ್ತು. ಯಾರಾದರೂ ಬಲವಂತ ಮಾಡಿ ಕಿಡ್ನಿ ಕೊಡಿಸುತ್ತಿದ್ದಾರೋ ಎಂದು ಪರೀಕ್ಷೆ ಮಾಡಲು ಕಮಿಟಿಯವರು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರೆ. ಬಸ್ಸಿನಲ್ಲಿ ಒಳ್ಳೆಯ ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ. ಕೈ ಹಿಡಿದವಳು, ಗಂಡನ ಧರ್ಮ, ಅದೂ ಇದೂ.

ಕೋಣೆಯಲ್ಲಿ ಉದ್ದನೆಯ ಮೇಜು, ನಾಲ್ಕೈದು ಜನ. ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಮೆತ್ತಗೆ ಕೇಳಿದರು, "ಯಾರಾದರೂ ಒತ್ತಾಯ ಮಾಡಿದ್ದಾರಾ? ಹೆದರಬೇಡಿ, ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ."

"ಇಲ್ಲ ಸಾರ್."

"ಮತ್ತೆ ಯಾಕೆ ಕೊಡ್ತಿದ್ದೀರಿ?"

ಭಾಷಣವೆಲ್ಲ ಎಲ್ಲಿ ಹೋಯಿತೋ. "ಅವ್ಳಿಗೆ ಬಾಯಾರಿಕೆ ಸಾರ್" ಅಂದೆ.

ಅವರು ಮುಂದೇನಾದರೂ ಹೇಳುತ್ತೇನೆಂದು ಕಾದರು. ಆಮೇಲೆ ಕನ್ನಡಕ ಹಾಕಿಕೊಂಡು, ಹೋಗಿ ಎಂದು ಕೈ ತೋರಿಸಿದರು.

ಹೊರಗೆ ಭಾನು ಗೋಡೆ ಹಿಡಿದು ನಿಂತಿದ್ದಳು. ಅವಳ ಸರದಿ ಮುಂದಿನದು.

"ಏನ್ ಕೇಳುದ್ರು?" ಅಂದಳು.

"ಹೆಸ್ರು ಕೇಳುದ್ರು" ಅಂದೆ.